ಹೆಣ ಎತ್ತಿದವರು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ವಿಮರ್ಶಕರು ಪ್ರಾಣೇಶಾಚಾರ್ಯರ ಒಳತೋಟಿಯ ಬಗ್ಗೆಯೇ ಹೆಚ್ಚು ಬರೆದಿದ್ದಾರೆ. 1970ರ ಸಿನಿಮಾ ನೋಡಿದವರಿಗೂ ಮೊದಲು ನೆನಪಾಗುವುದು ಗಿರೀಶ ಕಾರ್ನಾಡರ ಮುಖವೇ. ನನ್ನಂಥ ಓದುಗಳನ್ನು ಕಾಡುವ ಪ್ರಶ್ನೆ ಬೇರೆ: ಎಲ್ಲರೂ ಹೊರಗಿಟ್ಟ ಒಬ್ಬನ ಹೆಣವನ್ನು ಕೊನೆಗೆ ಎತ್ತಿದವರು ಯಾರು?

ಕತೆ ನಿಮಗೆ ಗೊತ್ತೇ ಇದೆ. ಸಾಲಿಗ್ರಾಮವನ್ನು ಹೊಳೆಗೆಸೆದ, ಮುಸಲ್ಮಾನರೊಡನೆ ಉಂಡ ನಾರಣಪ್ಪ ಸತ್ತಿದ್ದಾನೆ. ಶವ ದಹನವಾಗುವ ತನಕ ಅಗ್ರಹಾರದವರು ಉಣ್ಣುವಂತಿಲ್ಲ. ಆದರೂ ಯಾರೂ ಮುಂದೆ ಬರುವುದಿಲ್ಲ. ಚಂದ್ರಿ ಮೈಮೇಲಿನ ಬಂಗಾರವನ್ನು ಬಿಚ್ಚಿಟ್ಟ ಮೇಲೆ ಆಸೆಯೇನೋ ಹುಟ್ಟುತ್ತದೆ. ಅದರ ಜೊತೆಗೇ, ಇನ್ನೊಬ್ಬನಿಗೆ ದಕ್ಕಿಬಿಟ್ಟೀತೆಂಬ ಹೊಟ್ಟೆಕಿಚ್ಚು.

ಆಚಾರ್ಯರು ನಿಜಕ್ಕೂ ಕರುಣಾಳು. ರೋಗಿಷ್ಠ ಹೆಂಡತಿ ಭಾಗೀರಥಿಯ ಸೇವೆಯನ್ನು ವರ್ಷಗಟ್ಟಲೆ ಮಾಡಿದವರು. ಆದರೆ ಆ ಸೇವೆಯೂ ಅವರಿಗೆ ಮೋಕ್ಷದ ದಾರಿ. ಹಾಗಾಗಿಯೇ ಹೆಣ ಕೊಳೆಯುತ್ತಿರುವಾಗ ಅವರು ತಾಳೆಗರಿ ತೆರೆಯುತ್ತಾರೆ, ಮಾರುತಿಯ ಅಪ್ಪಣೆಗೆ ಕಾಯುತ್ತಾರೆ. ನಂಬಿಕೆ ಅವರಿಗೆ ಮರುಕವನ್ನು ಕೊಟ್ಟಿತು. ಕೈ ನೀಡುವ ಸ್ವಾತಂತ್ರ್ಯವನ್ನು ಕೊಡಲಿಲ್ಲ.

ಚಂದ್ರಿ ಮೊದಲು ಗಾಡಿಯ ಶೇಷಪ್ಪನನ್ನು ಕೇಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಅವನಿಗೂ ಹೆದರಿಕೆ. ಮೇಲಿನವರು ಹಾಕಿದ ಕಟ್ಟು ಕೆಳಗಿನವರ ಕೈಯನ್ನೂ ಹಿಡಿದಿದೆ ನೋಡಿ! ಕೊನೆಗೆ ಬಂದವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಅವನ ಕಷ್ಟಕಾಲದಲ್ಲಿ ಎತ್ತು ಕೊಳ್ಳಲು ನಾರಣಪ್ಪ ಹಣ ಕೊಟ್ಟಿದ್ದ. ಇಬ್ಬರೂ ಸೇರಿ ರಾತ್ರಿಯೇ ಹೆಣ ಸುಟ್ಟು ಬರುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿ. ಇಷ್ಟು ದೊಡ್ಡ ಕೆಲಸಕ್ಕೆ ಲೇಖಕರು ಕೊಟ್ಟ ಜಾಗ ತೀರ ಸ್ವಲ್ಪ. ಬ್ಯಾರಿಯ ಮನಸ್ಸಿನೊಳಗೆ ಅವರು ಇಣುಕುವುದೇ ಇಲ್ಲ. ಹಳೆಯ ಉಪಕಾರದ ಋಣವೆಂದು ಹೇಳಿ ಮುಗಿಸಿಬಿಡುತ್ತಾರೆ. ಋಣವೊಂದೇ ಸಾಕೇ? ಸಿಕ್ಕಿಬಿದ್ದರೆ ಅವನ ಗತಿಯೇನಾಗುತ್ತಿತ್ತು? ಪರಜಾತಿಯವನ ಹೆಣಕ್ಕೆ ಮರ್ಯಾದೆ ಮಾಡುವ ಕೆಲಸವನ್ನು ಕಳ್ಳತನದಂತೆ ಕತ್ತಲಲ್ಲಿ ಮಾಡಬೇಕಾಯಿತಲ್ಲ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ. ಕಾದಂಬರಿ ಅದರ ಮೇಲೆ ನಿಲ್ಲದೆ ಮತ್ತೆ ಆಚಾರ್ಯರ ಹಿಂದೆ ಹೊರಟುಬಿಡುತ್ತದೆ.

ಹಾಗಿದ್ದೂ ಲೇಖಕರ ವ್ಯಂಗ್ಯವನ್ನು ಮೆಚ್ಚಲೇಬೇಕು. ಹೆಣ ಬೂದಿಯಾದ ಮೇಲೂ ಬ್ರಾಹ್ಮಣರು ಅದನ್ನು ಸುಡಬಹುದೇ ಎಂದು ಕೇಳಲು ಮಠಕ್ಕೆ ನಡೆದಿದ್ದಾರೆ. ಪುಸ್ತಕ ಮತ್ತೆ ಕೈಗೆ ಬಂದಾಗ ಆಚಾರ್ಯರನ್ನು ಸ್ವಲ್ಪ ಬದಿಗಿಟ್ಟು, ಚಂದ್ರಿ ಮತ್ತು ಬ್ಯಾರಿಯ ಆ ಒಂದೆರಡು ಪುಟಗಳನ್ನು ನಿಧಾನವಾಗಿ ಓದಿ ನೋಡಿ.