ಸೃಷ್ಟಿವಾದವೆಂಬ ಸಾಲದ ಸರಕು

2007ರಲ್ಲಿ ಫ್ರಾನ್ಸಿನ ಶಾಲೆಗಳಿಗೂ ವಿಶ್ವವಿದ್ಯಾಲಯಗಳಿಗೂ ಯಾರೂ ತರಿಸಿಕೊಳ್ಳದ ಪುಸ್ತಕವೊಂದು ಅಂಚೆಯಲ್ಲಿ ಬಂದು ಬಿತ್ತು. ಎಂಟುನೂರು ಚಿಲ್ಲರೆ ಪುಟ, ಐದು ಕಿಲೊಗೂ ಮಿಕ್ಕಿದ ತೂಕ, ನುಣುಪಾದ ಕಾಗದ, ಪುಟ ತಿರುವಿದಲ್ಲೆಲ್ಲ ಬಣ್ಣದ ಚಿತ್ರ. ಹೆಸರು 'ಸೃಷ್ಟಿಯ ಅಟ್ಲಾಸ್'. ಬರೆದವರು ತುರ್ಕಿಯ ಹಾರೂನ್ ಯಹ್ಯಾ. ಇದು ಅದ್ನಾನ್ ಒಕ್ತಾರ್ ಎಂಬವರ ಕಾವ್ಯನಾಮ. ಡಾರ್ವಿನ್ನನ ವಿಕಾಸವಾದ ಸುಳ್ಳು, ಜೀವಿಗಳು ಇಂದಿರುವ ರೂಪದಲ್ಲಿಯೇ ಸೃಷ್ಟಿಯಾದವು ಎಂಬುದು ಪುಸ್ತಕದ ವಾದ. ಅದೇ ವರ್ಷದ ಅಕ್ಟೋಬರಿನಲ್ಲಿ ಯುರೋಪ್ ಕೌನ್ಸಿಲಿನ ಸಂಸದೀಯ ಸಭೆಯು ಶಿಕ್ಷಣದಲ್ಲಿ ಸೃಷ್ಟಿವಾದದ ಅಪಾಯವನ್ನು ಕುರಿತು ನಿರ್ಣಯ ಅಂಗೀಕರಿಸಿತು.

ಈ ಲೇಖಕರ ಇಂಗ್ಲಿಷ್, ಉರ್ದು ಪುಸ್ತಕಗಳು ನಮ್ಮ ಊರುಗಳ ಇಸ್ಲಾಮಿ ಪುಸ್ತಕದಂಗಡಿಗಳಿಗೂ ಬಂದವು. ಸೈನ್ಸ್ ಓದುತ್ತಿದ್ದ ತರುಣರು ಅವನ್ನು ಅಭಿಮಾನದಿಂದ ಕೈಯಿಂದ ಕೈಗೆ ದಾಟಿಸಿದರು. ಪಶ್ಚಿಮಕ್ಕೆ ಅದರದ್ದೇ ಭಾಷೆಯಲ್ಲಿ ಉತ್ತರ ಕೊಡಬಲ್ಲ ಮುಸ್ಲಿಮನೊಬ್ಬ ಸಿಕ್ಕ ಎಂಬ ಸಮಾಧಾನ ಅದರಲ್ಲಿತ್ತು. ಒಕ್ತಾರ್ ಮುಂದೆ ಲೈಂಗಿಕ ದೌರ್ಜನ್ಯ ಮೊದಲಾದ ಅಪರಾಧಗಳಿಗಾಗಿ ಜೈಲು ಸೇರಿದರು. ತುರ್ಕಿಯ ನ್ಯಾಯಾಲಯ 2021ರಲ್ಲಿ ಸಾವಿರ ವರ್ಷಕ್ಕೂ ಮೀರಿದ, ಮರುವಿಚಾರಣೆಯ ನಂತರ 2022ರಲ್ಲಿ ಎಂಟು ಸಾವಿರ ವರ್ಷಕ್ಕೂ ಮೀರಿದ ಶಿಕ್ಷೆ ವಿಧಿಸಿತು. ಆದರೆ ಮನುಷ್ಯ ಕೆಟ್ಟವನೆಂದ ಮಾತ್ರಕ್ಕೆ ಅವನ ವಾದ ಬಿದ್ದುಹೋಗುವುದಿಲ್ಲ. ಲೇಖಕ ಜೈಲಿನಲ್ಲಿದ್ದರೂ ವಾದ ಹೊರಗಡೆ ಓಡಾಡುತ್ತಲೇ ಇದೆ. ಆದ್ದರಿಂದ ಅದನ್ನು ವಾದವಾಗಿಯೇ ಎದುರಿಸಬೇಕು.

ಪುಸ್ತಕದ ತಂತ್ರ ಸರಳ. ಒಂದು ಕಡೆ ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆಯ ಚಿತ್ರ, ಪಕ್ಕದಲ್ಲಿ ಇಂದು ಬದುಕಿರುವ ಜೀವಿಯ ಚಿತ್ರ. ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ವಿಕಾಸ ನಡೆದಿಲ್ಲ. ಇಷ್ಟನ್ನೇ ನೂರಾರು ಸಲ ಹೇಳಲಾಗಿದೆ. ಕತೆ ಬರೆಯುವ ನಮಗೆ ಈ ತಂತ್ರದ ಪರಿಚಯವಿದೆ. ಪುರಾವೆ ಸಾಲದಾದಾಗ ಪುನರುಕ್ತಿ ಕೆಲಸಕ್ಕೆ ಬರುತ್ತದೆ. ವಾಸ್ತವವಾಗಿ ಎಲ್ಲ ಜೀವಿಗಳೂ ಒಂದೇ ವೇಗದಲ್ಲಿ ಬದಲಾಗಲೇಬೇಕೆಂದು ವಿಕಾಸವಾದ ಹೇಳುವುದಿಲ್ಲ. ಹೊರರೂಪ ಹೋಲುತ್ತದೆಂದರೆ ಪ್ರಭೇದ ಒಂದೇ ಎಂದೂ ಅಲ್ಲ. ಇನ್ನು ಚಿತ್ರಗಳ ಪ್ರಾಮಾಣಿಕತೆಯ ಮಾತು. ಬದುಕಿರುವ ಕೀಟವೆಂದು ಅಚ್ಚಾದ ಒಂದು ಚಿತ್ರದಲ್ಲಿ ಹೊಟ್ಟೆಯ ಕೆಳಗೆ ಲೋಹದ ಕೊಕ್ಕೆ ಕಾಣುತ್ತದೆ. ಅದು ಮೀನು ಹಿಡಿಯುವ ಗಾಳಕ್ಕಾಗಿ ಮಾಡಿದ ಕೃತಕ ಕೀಟ. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಇದನ್ನು ಎತ್ತಿ ತೋರಿಸಿದಾಗ ಲೋಕ ನಕ್ಕಿತು. ಆ ನಗು ಒಬ್ಬ ಲೇಖಕನಿಗೆ ಮಾತ್ರ ತಾಗಲಿಲ್ಲ. ಪುಸ್ತಕ ಇಸ್ಲಾಮಿನ ಹೆಸರಿನಲ್ಲಿ ಹೋಗಿತ್ತು.

ಈ ಸರಕು ಎಲ್ಲಿಂದ ಬಂತು? ಇದು ಬಗ್ದಾದಿನದ್ದೂ ಅಲ್ಲ, ದೇವಬಂದಿನದ್ದೂ ಅಲ್ಲ. ಉರ್ದುವಿನಲ್ಲಿ ಅಕ್ಬರ್ ಇಲಾಹಾಬಾದಿ ಡಾರ್ವಿನ್ನನನ್ನು ಗೇಲಿ ಮಾಡಿದ್ದುಂಟು. ಆದರೆ ಕವಿಯ ಗೇಲಿ ಬೇರೆ, ವಿಜ್ಞಾನದ ವೇಷ ತೊಟ್ಟ ನಿರಾಕರಣೆ ಬೇರೆ. ಎರಡನೆಯದು ಅಮೆರಿಕದ ಪ್ರಾಟೆಸ್ಟೆಂಟ್ ಮೂಲಭೂತವಾದಿಗಳ ಕೈಕೆಲಸ. ಬೈಬಲ್ಲಿನ ಜಲಪ್ರಳಯವನ್ನು ಭೂವಿಜ್ಞಾನವೆಂದು ಸಾಧಿಸಹೊರಟ ಪುಸ್ತಕ ಅಲ್ಲಿ 1961ರಲ್ಲಿ ಬಂತು. ಅದನ್ನು ಬರೆದವರಲ್ಲಿ ಒಬ್ಬರಾದ ಹೆನ್ರಿ ಮಾರಿಸ್ 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೃಷ್ಟಿವಾದದ ಸಂಶೋಧನೆಗೆಂದೇ ಸಂಸ್ಥೆಯನ್ನು ಕಟ್ಟಿದರು. 1980ರ ಸೈನಿಕ ಕ್ರಾಂತಿಯ ನಂತರದ ತುರ್ಕಿಯಲ್ಲಿ, ಎಡಪಂಥೀಯ ವಿಚಾರಗಳನ್ನು ತಡೆಯುವ ಹುಮ್ಮಸ್ಸಿನಲ್ಲಿದ್ದ ಶಿಕ್ಷಣ ಇಲಾಖೆ ಇದೇ ಸಂಸ್ಥೆಯನ್ನು ಸಂಪರ್ಕಿಸಿತು. ಅದರ ಸಾಹಿತ್ಯ ತುರ್ಕಿ ಭಾಷೆಗೆ ಬಂದು ಶಿಕ್ಷಕರ ಕೈ ಸೇರಿತು. ಹಾರೂನ್ ಯಹ್ಯಾ ಅದಕ್ಕೆ ಕುರ್‌ಆನಿನ ಹೊದಿಕೆ ಹೊದಿಸಿದರು.

ಸಾಲ ತರುವಾಗ ಅವರು ಒಂದು ಸಾಮಾನನ್ನು ಅಲ್ಲಿಯೇ ಬಿಟ್ಟು ಬಂದರು. ಅದು ಭೂಮಿಗೆ ಆರೇಳು ಸಾವಿರ ವರ್ಷ ಮಾತ್ರ ವಯಸ್ಸು ಎಂಬ ನಂಬಿಕೆ. ಈ ನಂಬಿಕೆಗೆ ದೊಡ್ಡ ತೊಡಕಾದದ್ದು ಆಕಾಶ. ಆಂಡ್ರೊಮಿಡಾ ಗೆಲಾಕ್ಸಿಯನ್ನು ಪುಟ್ಟ ಮೋಡವೆಂದು ಗುರುತಿಸಿ ಬರೆದಿಟ್ಟವರು ಇಸ್ಫಹಾನಿನ ಅಬ್ದುರ್ರಹ್ಮಾನ್ ಅಲ್-ಸೂಫಿ. ಅವರ ಸ್ಥಿರ ನಕ್ಷತ್ರಗಳ ಗ್ರಂಥದ ಕಾಲ ಕ್ರಿ.ಶ. 964. ಆ ಗೆಲಾಕ್ಸಿಯ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ ಎಂದು ಇಂದು ನಾವು ಬಲ್ಲೆವು. ಅಂದರೆ ಅಲ್-ಸೂಫಿಯ ಕಣ್ಣು ತಲುಪಿದ ಬೆಳಕು 25 ಲಕ್ಷ ವರ್ಷಗಳ ಹಿಂದೆ ಹೊರಟಿತ್ತು. ಲೋಕಕ್ಕೆ ಆರು ಸಾವಿರ ವರ್ಷವಾದರೆ ಆ ಬೆಳಕು ಇನ್ನೂ ದಾರಿಯಲ್ಲಿರಬೇಕು.

ದೇವರು ಬೆಳಕನ್ನು ದಾರಿಯ ನಡುವೆಯೇ ಸೃಷ್ಟಿಸಿದ ಎಂಬುದು ಕೆಲವು ಸೃಷ್ಟಿವಾದಿಗಳು ಕೊಟ್ಟ ಉತ್ತರ. 1987ರ ಫೆಬ್ರವರಿಯಲ್ಲಿ ದಕ್ಷಿಣ ಗೋಳದ ಆಕಾಶದಲ್ಲಿ ಒಂದು ನಕ್ಷತ್ರ ಸ್ಫೋಟಿಸಿದ್ದು ಬರಿಗಣ್ಣಿಗೇ ಕಂಡಿತು. ಅದರ ದೂರ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ. ಈ ಉತ್ತರದ ಪ್ರಕಾರ ಆ ನಕ್ಷತ್ರ ಸಿಡಿಯಲೇ ಇಲ್ಲ. ಸಿಡಿದಂತೆ ಕಾಣುವ ಬೆಳಕನ್ನು ಮಾತ್ರ ದೇವರು ಕಳಿಸಿದ. ನಡೆಯದ ಘಟನೆಯನ್ನು ನಡೆದಂತೆ ತೋರಿಸುವ ದೇವರನ್ನು ನಂಬುವುದು ಹೇಗೆ? ಅಲ್ಲಾಹನ ಹೆಸರುಗಳಲ್ಲಿ ಅಲ್-ಹಕ್ ಎಂಬುದೂ ಒಂದು. ಅದರ ಅರ್ಥ ಸತ್ಯ. ಹೀಗಾಗಿ ಈ ವಾದ ವಿಜ್ಞಾನಕ್ಕಿಂತ ಮೊದಲು ಈಮಾನಿಗೇ ಪೆಟ್ಟು ಕೊಡುತ್ತದೆ.

ಮುಸ್ಲಿಂ ಸೃಷ್ಟಿವಾದಿಗಳು ಈ ಗುಂಡಿಗೆ ಬೀಳಲಿಲ್ಲ. ದೇವರ ದಿನವನ್ನು ಮನುಷ್ಯರ ದಿನದಿಂದ ಅಳೆಯಲಾಗದೆಂಬ ಸೂಚನೆ ಕುರ್‌ಆನಿನಲ್ಲಿಯೇ ಇದೆ. ಹಾರೂನ್ ಯಹ್ಯಾ ಮಹಾಸ್ಫೋಟವನ್ನು ಒಪ್ಪುತ್ತಾರೆ, ಅದನ್ನೇ ಸೃಷ್ಟಿಗೆ ಪುರಾವೆಯಾಗಿ ತರುತ್ತಾರೆ. ಪಳೆಯುಳಿಕೆಗಳ ಕೋಟಿ ವರ್ಷಗಳ ಲೆಕ್ಕವನ್ನೂ ಒಪ್ಪುತ್ತಾರೆ. ಈ ಲೆಕ್ಕ ಕೊಟ್ಟ ವಿಧಾನವೇ ಸರಳ ಜೀವಿಗಳು ಮೊದಲು, ಮನುಷ್ಯ ತೀರಾ ಈಚೆಗೆ ಎಂಬ ಕ್ರಮವನ್ನೂ ಕೊಟ್ಟಿದೆ. ಅದು ಮಾತ್ರ ಅವರಿಗೆ ಬೇಡ. ಬೇಕಾದಾಗ ವಿಜ್ಞಾನವನ್ನು ಸಾಕ್ಷಿಗೆ ಕರೆದು, ಬೇಡವಾದಾಗ ಸುಳ್ಳುಗಾರನೆಂದು ಹೊರಗೆ ಹಾಕುವ ನ್ಯಾಯ ಇದು.

ನಮ್ಮ ಪರಂಪರೆ ಇದಕ್ಕಿಂತ ಗಟ್ಟಿಯಾದದ್ದು. ಪ್ರವಾದಿಯವರ(ಸ) ಎಳೆಯ ಮಗ ಇಬ್ರಾಹಿಂ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೇ ಕಂದಿತೆಂದು ಜನ ಮಾತಾಡಿಕೊಂಡರು. ಯಾರ ಹುಟ್ಟುಸಾವಿಗಾಗಿಯೂ ಗ್ರಹಣ ಆಗುವುದಿಲ್ಲ ಎಂದು ಪ್ರವಾದಿಯವರು ತಿದ್ದಿದರೆಂದು ಹದೀಸ್ ಹೇಳುತ್ತದೆ. ತಮ್ಮ ಮಹಿಮೆಗೆ ಒದಗಿಬಂದ ಪುರಾವೆಯನ್ನು ಅವರು ದುಃಖದ ದಿನದಲ್ಲಿಯೂ ಬಳಸಿಕೊಳ್ಳಲಿಲ್ಲ. ತತ್ವಜ್ಞಾನಿಗಳನ್ನು ಖಂಡಿಸಲೆಂದೇ ಬರೆದ ಗ್ರಂಥದಲ್ಲಿ ಇಮಾಮ್ ಗಝಾಲಿಯವರು, ಗ್ರಹಣದ ಗಣಿತವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವರು ಧರ್ಮಕ್ಕೇ ಹಾನಿ ಮಾಡುತ್ತಾರೆಂದು ಎಚ್ಚರಿಸಿದರು. ನಮ್ಮ ದೇಶವನ್ನು ಕುರಿತು ಬರೆದ ಅಲ್-ಬಿರೂನಿ, ಬೆಟ್ಟದ ಬಳಿ ದೊಡ್ಡದಾಗಿರುವ ಕಲ್ಲು ನದಿ ಮುಂದೆ ಹರಿದಂತೆ ಸಣ್ಣದಾಗಿ ಕೊನೆಗೆ ಮರಳಾಗುವುದನ್ನು ಗಮನಿಸಿ, ಇಲ್ಲಿನ ಬಯಲು ಒಂದು ಕಾಲಕ್ಕೆ ಕಡಲಾಗಿದ್ದು ಹೂಳಿನಿಂದ ತುಂಬಿರಬೇಕೆಂದು ಊಹಿಸಿದರು. ನೋಡಿ, ಅಳೆದು, ಆಮೇಲೆ ಮಾತಾಡುವ ಕ್ರಮ ಅದು.

ವಿಶ್ವಾಸಿಗೆ ನಿಜವಾಗಿ ಕಷ್ಟ ಕೊಡುವ ಪ್ರಶ್ನೆ ಆದಮರದ್ದು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಉಳಿದ ಜೀವಿಗಳ ವಿಕಾಸವನ್ನು ಒಪ್ಪಿ ಆದಮರ ಸೃಷ್ಟಿಯನ್ನು ಪ್ರತ್ಯೇಕವೆನ್ನುವ ಮುಸ್ಲಿಂ ವಿದ್ವಾಂಸರಿದ್ದಾರೆ. ಅಲ್ಜೀರಿಯಾದ ಖಗೋಳವಿಜ್ಞಾನಿ ನಿಧಾಲ್ ಗಸೂಮ್ ಅವರಂತೆ, ಮನುಷ್ಯನ ವಿಕಾಸವನ್ನೂ ಒಪ್ಪಿ ಈಮಾನನ್ನು ಉಳಿಸಿಕೊಂಡವರೂ ಇದ್ದಾರೆ. ಇದು ಮದ್ರಸಾದಲ್ಲಿ, ತಫ್ಸೀರಿನ ತರಗತಿಯಲ್ಲಿ, ಇಂಥ ಪತ್ರಿಕೆಗಳಲ್ಲಿ ನಡೆಯಬೇಕಾದ ಚರ್ಚೆ. ವಿಜ್ಞಾನದ ತರಗತಿಯ ಕೆಲಸ ಪುರಾವೆ ಏನು, ಅದು ಹೇಗೆ ಸಿಕ್ಕಿತು ಎಂದು ಕಲಿಸುವುದು. ಮನುಷ್ಯನ ವಿಷಯದಲ್ಲಿಯೂ ಪುರಾವೆ ವಿಕಾಸದ ಕಡೆಗೇ ಇದೆ ಎಂಬುದನ್ನು ಅಲ್ಲಿ ಮುಚ್ಚಿಡಬಾರದು.

ಪಾಠ ಕತ್ತರಿಸುವ ಚಟ ಒಂದು ಧರ್ಮದವರದ್ದಲ್ಲ. 2017ರಲ್ಲಿ ತುರ್ಕಿ ಒಂಬತ್ತನೇ ತರಗತಿಯ ಪಠ್ಯದಿಂದ ವಿಕಾಸವನ್ನು ಕೈಬಿಡಲು ತೀರ್ಮಾನಿಸಿತು. 2018ರ ಜನವರಿಯಲ್ಲಿ ನಮ್ಮ ಕೇಂದ್ರದ ಸಚಿವರೊಬ್ಬರು, ಮಂಗ ಮನುಷ್ಯನಾದುದನ್ನು ಯಾರೂ ಕಂಡಿಲ್ಲವೆಂದು ಹೇಳಿ ಡಾರ್ವಿನ್ ತಪ್ಪು ಎಂದರು. ಕೋವಿಡ್ ಕಾಲದಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಕೈಬಿಟ್ಟ ವಿಕಾಸದ ಪಾಠ, 2023ರ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕಕ್ಕೆ ಮರಳಲಿಲ್ಲ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೇ ತರಗತಿಯ ಜೀವವಿಜ್ಞಾನದಲ್ಲಿ ಅದು ಇದೆ ಎಂಬ ಸಮರ್ಥನೆ ಬಂತು. ಹತ್ತನೆಯದಕ್ಕೇ ಓದು ನಿಲ್ಲಿಸಿ ಗ್ಯಾರೇಜಿಗೋ ಬೀಡಿ ಕಟ್ಟಲೋ ಹೋಗುವ ಮಗು ಆ ತರಗತಿಯನ್ನು ತಲುಪುವುದಿಲ್ಲ. ಅಂಥ ಮಕ್ಕಳು ನಮ್ಮ ಮೊಹಲ್ಲಾಗಳಲ್ಲಿ ಧಾರಾಳವಾಗಿದ್ದಾರೆ. ಪಾಠ ಕತ್ತರಿಸಿದಾಗ ನಮ್ಮ ಯಾರಾದರೂ ಒಳಗೊಳಗೆ ಖುಷಿಪಟ್ಟಿದ್ದರೆ, ಅವರು ತಮ್ಮ ಮಕ್ಕಳ ಕೈಯಿಂದಲೇ ಪುಸ್ತಕ ಕಸಿದುಕೊಂಡಂತೆ.

ಶಿಕ್ಷಕರಿಗೆ ನಮ್ಮ ವಿನಂತಿ ಇಷ್ಟೇ. 'ಕುರ್‌ಆನಿನಲ್ಲಿ ಹಾಗಿಲ್ಲವಲ್ಲ ಸಾರ್' ಎಂದು ಮಗು ಕೇಳಿದರೆ ನಗಬೇಡಿ, ಗದರಬೇಡಿ. ಗದರಿದ ದಿನ ಆ ಮಗು ವಿಜ್ಞಾನ ಬೇರೆಯವರದು ಎಂದು ತೀರ್ಮಾನಿಸುತ್ತದೆ. ಉಸ್ತಾದರಿಗೂ ಒಂದು ವಿನಂತಿ. ರಮಝಾನಿನ ಚಂದ್ರನಿಗಾಗಿ ಮಸೀದಿಯ ಮೇಲೇರುವ ಮಕ್ಕಳಿಗೆ, ಅಮಾವಾಸ್ಯೆಯ ಆಸುಪಾಸಿನ ಇನ್ನೊಂದು ರಾತ್ರಿ ಊರ ದೀಪಗಳಿಂದ ದೂರ ಕರೆದೊಯ್ದು ಅಲ್-ಸೂಫಿಯ ಆ ಮೋಡವನ್ನೂ ತೋರಿಸಿ. ನವೆಂಬರಿನಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಬೆಳಕು ಎಷ್ಟು ದೂರದಿಂದ ಬಂತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಿಜವಾದ ಅಂಕಿಯನ್ನೇ ಹೇಳಿ.