ಕಿಂದರಿಜೋಗಿಯ ಗೌಡನಿಗೆ ದೊಡ್ಡವರೇ ಬೇಕು

ಏಪ್ರಿಲ್ ಬಂತೆಂದರೆ ಶಿವಮೊಗ್ಗದಲ್ಲಿ ಮಕ್ಕಳ ರಂಗಶಿಬಿರಗಳ ಸುಗ್ಗಿ. ಕೊನೆಯ ದಿನ ಮಕ್ಕಳು ಬಣ್ಣ ಹಚ್ಚಿ ಕುಣಿಯುತ್ತಾರೆ, ಅಪ್ಪ-ಅಮ್ಮ ಮೊಬೈಲ್ ಎತ್ತಿ ಹಿಡಿಯುತ್ತಾರೆ. ಸಂತೋಷವೇ. ಆದರೆ ದೊಡ್ಡವರು ಮಕ್ಕಳಿಗಾಗಿ ವೇಷ ಹಾಕುವ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಮನೆ ಒಟ್ಟಿಗೆ ಕೂತು ನೋಡುವ ನಾಟಕಗಳು ತೀರಾ ಕಡಿಮೆ.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಪ್ಯಾಂಟೊಮೈಮ್ ಇದೆ. ಕ್ರಿಸ್‌ಮಸ್ ಹೊತ್ತಿಗೆ ಊರೂರಿನ ಹವ್ಯಾಸಿಗಳು ಸಿಂಡ್ರೆಲಾ, ಅಲ್ಲಾದ್ದೀನ್, ಅಲಿಬಾಬಾ ಆಡುತ್ತಾರೆ. ಗಂಡಸು ಬಾಯಿಬಡುಕ ಹೆಂಗಸಿನ ವೇಷದಲ್ಲಿ ಬರುತ್ತಾನೆ. ಖಳ ಹಿಂದಿನಿಂದ ನುಸುಳಿದರೆ ಮಕ್ಕಳು ಕೂತಲ್ಲಿಂದಲೇ ಕೂಗಿ ಎಚ್ಚರಿಸುತ್ತಾರೆ. ಕಂಪನಿ ನಾಟಕದ ರುಚಿ ಕಂಡವರಿಗೆ ಇದೇನು ಪರಕೀಯವಲ್ಲ. ‘ಸದಾರಮೆ’ಯ ಕಳ್ಳನಾಗಿ ಗುಬ್ಬಿ ವೀರಣ್ಣ ನಗಿಸಿದ್ದು ಎಲ್ಲ ವಯಸ್ಸಿನವರನ್ನೂ.

ಮಲೆನಾಡಿಗಂತೂ ಸ್ವಂತ ಕಥೆಯೇ ಇದೆ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಹೇಳಿದ ಕಥೆಯ ಹ್ಯಾಮೆಲಿನ್ ಪಟ್ಟಣ ಜರ್ಮನಿಯ ವೇಸರ್ ನದಿಯ ದಡದ್ದು. ತೀರ್ಥಹಳ್ಳಿ ಸೀಮೆಯ ಕುವೆಂಪು ಆ ಕಥೆಯನ್ನು ತುಂಗೆಯ ದಡಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದರು. ಇಲಿಗಳ ದಂಡಿಗೆ ಎಷ್ಟು ಮಕ್ಕಳಿದ್ದರೂ ಸಾಲದು, ಹಾಡು ಕುಣಿತಕ್ಕೆ ಬರವಿಲ್ಲ. ಆದರೆ ನಾಟಕದ ಜೀವ ಇರುವುದು ಗೌಡನಲ್ಲಿ. ಕಿಂದರಿ ನುಡಿಸಿ ಊರಿನ ಇಲಿಗಳನ್ನೆಲ್ಲ ತೊಲಗಿಸಿದ ಜೋಗಿಗೆ ಒಪ್ಪಿದ ಹಣ ಕೊಡದೆ, ಕೆಲಸ ಮುಗಿದ ಮೇಲೆ ಮಾತಿಗೆ ತಪ್ಪುವ ಆ ಗೌಡನನ್ನು ಹುಡುಗನೊಬ್ಬ ಮೀಸೆ ಅಂಟಿಸಿಕೊಂಡು ಆಡಿದರೆ ಮುದ್ದಾಗಿ ಕಾಣುತ್ತದೆ, ಅಷ್ಟೇ. ಅನುಭವಿ ನಟನೊಬ್ಬ ಆ ಜಿಪುಣತನವನ್ನು ಮೈತುಂಬಿಕೊಂಡು ಚೌಕಾಸಿಗೆ ಇಳಿಯಬೇಕು. ಆಗ ಸಭೆಯ ಮಕ್ಕಳು ಸುಮ್ಮನಿರಲಾರರು, ಜೋಗಿಯ ಪರ ಎದ್ದೇಳುತ್ತಾರೆ. ಕೊನೆಗೆ ಕಥೆಯ ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿ ಬೆಟ್ಟದೊಳಗೆ ಸೇರಿಬಿಡುತ್ತಾರೆ, ಕುಂಟ ಹುಡುಗನೊಬ್ಬ ಉಳಿಯುತ್ತಾನೆ. ಇಲ್ಲಿ ಕಥೆ ತಿದ್ದಿ ಎಲ್ಲರನ್ನೂ ಮನೆಗೆ ಕರೆತರುವ ಆಸೆ ನಿರ್ದೇಶಕರಿಗೆ ಬರಬಹುದು. ಖಂಡಿತ ಬೇಡ. ಮಕ್ಕಳು ದುಃಖವನ್ನೂ ತಾಳಬಲ್ಲರು.

ಇಂಥ ಪ್ರಯೋಗಕ್ಕೆ ಬೇಕಾದ ಜನ ಇಲ್ಲೇ ಇದ್ದಾರೆ. ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ನಗರದಲ್ಲಿ ರಂಗಾಯಣವಿದೆ, ಹಗಲಿಡೀ ನೌಕರಿ ಮಾಡಿ ಸಂಜೆ ತಾಲೀಮಿಗೆ ಬರುವ ಹವ್ಯಾಸಿಗಳಿದ್ದಾರೆ. ಭದ್ರಾವತಿಯ ಕಥೆಯಂತೂ ಇನ್ನೂ ಸೊಗಸು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಆ ಊರಿನಲ್ಲಿ ಪಾಳಿಯ ದುಡಿಮೆಯ ಜೊತೆಜೊತೆಗೇ ಬಣ್ಣದ ಗೀಳೂ ಬೆಳೆಯಿತು. ಚಿತ್ರನಟ ದೊಡ್ಡಣ್ಣ ಅಲ್ಲಿ ಕಾರ್ಖಾನೆಯ ನೌಕರರಾಗಿದ್ದುಕೊಂಡೇ ನಾಟಕವಾಡುತ್ತಿದ್ದವರು.

ಶಿವಮೊಗ್ಗದ ದಸರೆಯಲ್ಲಿ ರಂಗ ದಸರಾ ಒಂದು ಕಡೆ, ಮಕ್ಕಳ ದಸರಾ ಇನ್ನೊಂದು ಕಡೆ ನಡೆಯುತ್ತದೆ. ಒಂದು ಸಂಜೆಯಾದರೂ ಎರಡನ್ನೂ ಕೂಡಿಸಿ, ಹಿರಿಯ ಹವ್ಯಾಸಿಗಳು ಕಿಂದರಿಜೋಗಿಯನ್ನು ಕೈಗೆತ್ತಿಕೊಳ್ಳಲಿ. ಅದೇ ಪ್ರಯೋಗ ಭದ್ರಾವತಿಯಲ್ಲೂ ಆಗಲಿ. ಮಕ್ಕಳು ನಿದ್ದೆಗೆ ಮುಂಚೆ ಮನೆ ಸೇರುವಂತೆ 6 ಗಂಟೆಗೇ ಪರದೆ ಎತ್ತಬೇಕು.