ಶಿಲಾಪದರಗಳ ಲೆಕ್ಕದ ಪುಸ್ತಕ

ಮ್ಯಾಕ್ರೋಸ್ಟ್ರಾಟ್ ಎಂಬುದು ಭೂಮಿಯ ಹೊರಕವಚದ ಶಿಲೆಗಳ ಮಾಹಿತಿಯನ್ನು ಕಲೆಹಾಕಿಟ್ಟ ಆನ್‌ಲೈನ್ ದತ್ತಸಂಚಯ. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಶಾನನ್ ಪೀಟರ್ಸ್ ಮತ್ತು ಸಂಗಡಿಗರು ಇದನ್ನು ಕಟ್ಟಿದರು. ಉತ್ತರ ಅಮೆರಿಕವೇ ಇದರ ಮುಖ್ಯ ಕ್ಷೇತ್ರ.

ಇದರ ಜೋಡಣೆಯೇ ಬಲು ಸೊಗಸು. ಭೂಪ್ರದೇಶವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಅಡಿಯಿಂದ ಮೇಲಿನವರೆಗಿನ ಪದರಗಳ ಒಂದು ಸ್ತಂಭವನ್ನು ರಚಿಸಲಾಗಿದೆ. ಸ್ತಂಭದ ಒಂದೊಂದು ಘಟಕಕ್ಕೂ ಹೆಸರು, ಶಿಲೆಯ ಬಗೆ, ಕನಿಷ್ಠ ಮತ್ತು ಗರಿಷ್ಠ ದಪ್ಪ, ತಳದ ವಯಸ್ಸು, ಮೇಲ್ತುದಿಯ ವಯಸ್ಸು, ಅದು ನದಿಯಲ್ಲಿ ಶೇಖರಗೊಂಡಿತೋ ಕಡಲಲ್ಲೋ ಎಂಬ ವಿವರ ಇರುತ್ತದೆ. ಇಂಥ 33,000ಕ್ಕೂ ಹೆಚ್ಚು ಘಟಕಗಳಿವೆ. ಜಾಲವಿಳಾಸದ ಸಾಲಿನಲ್ಲಿ ಕಾಲಘಟ್ಟವನ್ನೋ ಅಕ್ಷಾಂಶ-ರೇಖಾಂಶವನ್ನೋ ನಮೂದಿಸಿ, ಸಿಎಸ್‌ವಿ ರೂಪ ಬೇಕೆಂದು ಸೂಚಿಸಿದರೆ ಕೋಷ್ಟಕದ ಕಡತ ಕೈಸೇರುತ್ತದೆ. ಶುಲ್ಕವಿಲ್ಲ, ಮೂಲವನ್ನು ಹೆಸರಿಸಿದರೆ ಸಾಕು.

ಹೀಗೆ ಕೂಡಿಸಿದ ಅಂಕಿಗಳು ಇಲ್ಲದ ಶಿಲೆಗಳ ಕಥೆಯನ್ನೂ ಹೇಳುತ್ತವೆ ಎಂಬುದೇ ನಿಜವಾದ ಬೆರಗು. ಗ್ರ್ಯಾಂಡ್ ಕ್ಯಾನಿಯನ್‌ನ ಹಲವೆಡೆ ಸುಮಾರು 50 ಕೋಟಿ ವರ್ಷ ಹಳೆಯ ಟಪೀಟ್ಸ್ ಮರಳುಗಲ್ಲು, ಸುಮಾರು 170 ಕೋಟಿ ವರ್ಷ ಹಳೆಯ ವಿಷ್ಣು ಶಿಸ್ಟ್ ಮೇಲೆ ನೇರವಾಗಿ ಕುಳಿತಿದೆ. ನಡುವಿನ ನೂರು ಕೋಟಿಗೂ ಮಿಕ್ಕಿದ ವರ್ಷಗಳಿಗೆ ಅಲ್ಲಿ ಸಾಕ್ಷಿಯೇ ಇಲ್ಲ. ಈ ಅಂತರ ಒಂದು ಕಣಿವೆಗೆ ಸೀಮಿತವಲ್ಲ, ಖಂಡದ ಬಹುಭಾಗಕ್ಕೆ ಹಬ್ಬಿದೆ. ಈ ಅಂತರ ರೂಪುಗೊಂಡದ್ದೇ ಕ್ಯಾಂಬ್ರಿಯನ್ ಜೀವಸ್ಫೋಟಕ್ಕೆ, ಅಂದರೆ ಪ್ರಾಣಿವೈವಿಧ್ಯ ದಿಢೀರನೆ ಹೆಚ್ಚಿದ ಘಟನೆಗೆ, ಪ್ರಚೋದನೆಯಾಗಿರಬಹುದೆಂದು ಪೀಟರ್ಸ್ ಮತ್ತು ರಾಬರ್ಟ್ ಗೇನ್ಸ್ 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು.

ಒಂದು ಎಚ್ಚರ ಅಗತ್ಯ. ಇಲ್ಲಿನ ಎಷ್ಟೋ ವಯಸ್ಸುಗಳು ಪ್ರಯೋಗಾಲಯದಲ್ಲಿ ಅಳೆದವಲ್ಲ, ಮೇಲಿನ ಕೆಳಗಿನ ಪದರಗಳನ್ನು ಆಧರಿಸಿ ಅಂದಾಜಿಸಿದವು. ದತ್ತಾಂಶ ಸಂಗ್ರಹಿಸುವವರು ಪ್ರತಿ ಘಟಕದ ಮೂಲ ಆಕರವನ್ನೂ ಜೊತೆಗೇ ದಾಖಲಿಸಿಕೊಳ್ಳಬೇಕು.